ಮೂರು ಸಲ ಹೆಚ್ಚು ಮತ, ಎರಡೇ ಸಲ ಅಧ್ಯಕ್ಷಗಿರಿ: ಗ್ರೋವರ್ ಕ್ಲೀವ್‌ಲ್ಯಾಂಡ್ 1888ರಲ್ಲಿ ಸೋತಿದ್ದು ಹೇಗೆ?

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ನಮ್ಮ ಫೋನುಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಇಂಥವರಿಗೆ ಲಕ್ಷಗಟ್ಟಲೆ ಮತ ಹೆಚ್ಚು ಬಿದ್ದಿತ್ತು, ಆದರೂ ಇನ್ನೊಬ್ಬರು ಅಧ್ಯಕ್ಷರಾದರು, ಹಾಗಾಗಿ ಅಲ್ಲಿ ಮೋಸ ನಡೆದಿರುವುದು ಖಂಡಿತ ಅನ್ನುವುದು ಅದರ ಸಾರಾಂಶ.

ಇದರ ಮೊದಲ ಭಾಗ ಕೆಲವೊಮ್ಮೆ ನಿಜವೇ. 2000ರಲ್ಲಿ ಅಲ್ ಗೋರ್ ಅವರಿಗೆ ಜಾರ್ಜ್ ಬುಷ್ ಅವರಿಗಿಂತ 5 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಡೊನಾಲ್ಡ್ ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. ಗೋರ್ ಕೂಡ ಸೋತರು, ಕ್ಲಿಂಟನ್ ಕೂಡ ಸೋತರು. ಆದರೆ ಫಾರ್ವರ್ಡಿನ ಕೊನೆಯ ಸಾಲು, ಅಂದರೆ ಹಾಗಾಗಿ ಮೋಸ ಅನ್ನುವ ತೀರ್ಮಾನ, ಇದರಿಂದ ತಾನಾಗಿ ಹೊರಡುವುದಿಲ್ಲ.

ಯಾಕೆ ಅಂತ ತಿಳಿಯಲು ನಾವಿಂದು ಒಬ್ಬ ಹಳೆಯ ಅಧ್ಯಕ್ಷರ ಜೀವನವನ್ನು ನೋಡೋಣ. ಹೆಸರು ಗ್ರೋವರ್ ಕ್ಲೀವ್‌ಲ್ಯಾಂಡ್. ಅಮೆರಿಕದ ಅಧ್ಯಕ್ಷರ ಪಟ್ಟಿಯಲ್ಲಿ ಇವರ ಹೆಸರು ಎರಡು ಕಡೆ ಇದೆ, 22ನೆಯವರಾಗಿ ಒಮ್ಮೆ, 24ನೆಯವರಾಗಿ ಇನ್ನೊಮ್ಮೆ. ಬಿಟ್ಟುಬಿಟ್ಟು ಎರಡು ಅವಧಿ ಆಳಿದವರು ಬಹುಕಾಲ ಇವರೊಬ್ಬರೇ ಇದ್ದರು. 2025ರ ಜನವರಿಯಲ್ಲಿ ಟ್ರಂಪ್ ಮರಳಿ ಬಂದಾಗ ಆ ಪಟ್ಟಿಗೆ ಎರಡನೇ ಹೆಸರು ಸೇರಿತು. ಕ್ಲೀವ್‌ಲ್ಯಾಂಡ್ 1884, 1888 ಮತ್ತು 1892ರಲ್ಲಿ, ಹೀಗೆ ಸಾಲಾಗಿ ಮೂರು ಸಲ ಸ್ಪರ್ಧಿಸಿದರು. ಮೂರೂ ಸಲ ದೇಶದಲ್ಲಿ ಅತಿ ಹೆಚ್ಚು ಮತ ಬಿದ್ದಿದ್ದು ಅವರಿಗೇ. ಗೆದ್ದಿದ್ದು ಮಾತ್ರ ಎರಡು ಸಲ.

ಪಾದ್ರಿಯ ಮಗ, ವಕೀಲ, ಶೆರಿಫ್

ಕ್ಲೀವ್‌ಲ್ಯಾಂಡ್ ಹುಟ್ಟಿದ್ದು 1837ರ ಮಾರ್ಚ್ 18ರಂದು, ನ್ಯೂಜೆರ್ಸಿಯ ಕಾಲ್ಡ್‌ವೆಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಒಂಬತ್ತು ಮಕ್ಕಳ ಸಂಸಾರ, ಕಡಿಮೆ ಸಂಬಳ. ಮುಂದೆ ಕುಟುಂಬ ನ್ಯೂಯಾರ್ಕ್ ರಾಜ್ಯಕ್ಕೆ ಬಂತು. 1853ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ 16 ವರ್ಷ. ಅಲ್ಲಿಗೆ ಓದು ನಿಂತಿತು. ಅಣ್ಣ ಪಾಠ ಹೇಳುತ್ತಿದ್ದ ನ್ಯೂಯಾರ್ಕ್ ನಗರದ ಅಂಧರ ಶಾಲೆಯಲ್ಲಿ ಒಂದು ವರ್ಷ ಕೆಲಸ ಮಾಡಿದರು. ಪಾದ್ರಿಯಾಗುವುದಾದರೆ ಕಾಲೇಜಿನ ಖರ್ಚು ಕೊಡುತ್ತೇವೆ ಅಂತ ಚರ್ಚಿನ ಹಿರಿಯರೊಬ್ಬರು ಮುಂದೆ ಬಂದಿದ್ದರು. ಅದು ತನಗಲ್ಲ ಅಂತ ಇವರು ಒಪ್ಪಲಿಲ್ಲ.

1855ರಲ್ಲಿ ಕೆಲಸ ಹುಡುಕುತ್ತ ಪಶ್ಚಿಮಕ್ಕೆ ಹೊರಟವರು ದಾರಿಯಲ್ಲಿ ಬಫಲೋ ನಗರದಲ್ಲಿದ್ದ ಸಂಬಂಧಿಯ ಮನೆಯಲ್ಲಿ ಇಳಿದು, ಅಲ್ಲೇ ಉಳಿದುಬಿಟ್ಟರು. ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಕಾನೂನು ಕಲಿತು, 1859ರಲ್ಲಿ ತಾವೇ ವಕೀಲರಾದರು. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ.

ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಸೇನೆಗೆ ಸೇರುವ ಸರದಿ ಇವರಿಗೂ ಬಂತು. ತಾಯಿ, ತಂಗಿಯರನ್ನು ಸಾಕುವ ಹೊಣೆ ಇತ್ತು. ಆಗಿನ ಕಾನೂನಿನಲ್ಲಿ ತನ್ನ ಬದಲಿಗೆ ಇನ್ನೊಬ್ಬರನ್ನು ಕಳುಹಿಸುವ ಅವಕಾಶವೂ ಇತ್ತು. 150 ಡಾಲರ್ ಕೊಟ್ಟು ಒಬ್ಬ ವಲಸಿಗರನ್ನು ಕಳುಹಿಸಿದರು. ಕಾನೂನಿನ ಪ್ರಕಾರ ತಪ್ಪಲ್ಲದಿದ್ದರೂ ಮುಂದೆ ಎದುರಾಳಿಗಳು ಇದನ್ನು ಹಿಡಿದು ಎಳೆದಾಡಿದರು.

1871ರಿಂದ 73ರವರೆಗೆ ಕೌಂಟಿಯ ಶೆರಿಫ್ ಆಗಿದ್ದಾಗ ಇಬ್ಬರು ಅಪರಾಧಿಗಳಿಗೆ ಗಲ್ಲು ಶಿಕ್ಷೆ ಜಾರಿಯಾಗಬೇಕಿತ್ತು. ಹಣ ಕೊಟ್ಟು ಕೈಕೆಳಗಿನವರಿಂದ ಮಾಡಿಸಬಹುದಿತ್ತು. ಶೆರಿಫನ ಕೆಲಸವನ್ನು ಬೇರೆಯವರ ತಲೆಗೆ ಕಟ್ಟುವುದು ಸರಿಯಲ್ಲ ಅಂತ ಎರಡೂ ಸಲ ತಾವೇ ಸನ್ನೆಕೋಲು ಎಳೆದರು. ಇಷ್ಟವಿರಲಿ ಬಿಡಲಿ, ನಿಯಮ ಅಂದರೆ ನಿಯಮ ಅನ್ನುವ ಈ ಸ್ವಭಾವ ಅವರ ಬದುಕಿನುದ್ದಕ್ಕೂ ಕಾಣುತ್ತದೆ.

ಮೂರೇ ವರ್ಷದಲ್ಲಿ ಮೇಯರ್‌ನಿಂದ ಅಧ್ಯಕ್ಷ

1882ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ಬಫಲೋ ಮೇಯರ್ ಆದರು. ಬೀದಿ ಗುಡಿಸುವ ಗುತ್ತಿಗೆಯನ್ನು ನಗರಸಭೆಯವರು ಕಡಿಮೆ ದರ ಹೇಳಿದವರನ್ನು ಬಿಟ್ಟು, ಒಂದು ಲಕ್ಷ ಡಾಲರಿಗೂ ಹೆಚ್ಚು ದರ ಹೇಳಿದವರಿಗೆ ಕೊಟ್ಟಿದ್ದರು. ಮೇಯರ್ ಅದನ್ನು ತಡೆದರು. ಈ ಸುದ್ದಿ ರಾಜ್ಯವೆಲ್ಲ ಹರಡಿತು. ಅದೇ ವರ್ಷದ ಕೊನೆಗೆ ಅವರು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ ಭಾರಿ ಅಂತರದಿಂದ ಆಯ್ಕೆಯಾದರು.

ಗವರ್ನರ್ ಆಗಿದ್ದಾಗ ನ್ಯೂಯಾರ್ಕ್ ನಗರದ ಎತ್ತರಿಸಿದ ರೈಲಿನ ಟಿಕೆಟ್ ದರವನ್ನು 5 ಸೆಂಟಿಗೆ ಇಳಿಸುವ ಮಸೂದೆ ಬಂತು. ಜನರಿಗೆ ಖುಷಿಯೋ ಖುಷಿ. ಆದರೆ ಕಂಪನಿಯ ಜೊತೆ ರಾಜ್ಯ ಮೊದಲೇ ಮಾಡಿಕೊಂಡ ಒಪ್ಪಂದವನ್ನು ಅದು ಮುರಿಯುತ್ತದೆ ಅಂತ ಕ್ಲೀವ್‌ಲ್ಯಾಂಡ್ ಸಹಿ ಹಾಕಲಿಲ್ಲ.

1884ರಲ್ಲಿ ಡೆಮಾಕ್ರಟಿಕ್ ಪಕ್ಷ ಅವರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಎದುರಾಳಿ ರಿಪಬ್ಲಿಕನ್ ಪಕ್ಷದ ಜೇಮ್ಸ್ ಬ್ಲೇನ್. ಪ್ರಚಾರದ ನಡುವೆ ಬಫಲೋ ಪತ್ರಿಕೆಯೊಂದು ಸ್ಫೋಟಕ ಸುದ್ದಿ ಹೊರಹಾಕಿತು. ಮರಿಯಾ ಹಾಲ್ಪಿನ್ ಎಂಬ ಮಹಿಳೆಗೆ ಕ್ಲೀವ್‌ಲ್ಯಾಂಡ್ ಅವರಿಂದ ಮದುವೆಯಾಚೆ ಮಗು ಹುಟ್ಟಿದೆ ಅನ್ನುವುದೇ ಆ ಸುದ್ದಿ. ಮುಚ್ಚಿಡಬೇಡಿ, ನಿಜ ಹೇಳಿ ಅಂತ ಅವರು ತಮ್ಮ ಬೆಂಬಲಿಗರಿಗೆ ತಂತಿ ಕಳುಹಿಸಿದರು. ಮಗುವಿನ ಖರ್ಚು ಭರಿಸಿದ್ದನ್ನು ಒಪ್ಪಿಕೊಂಡರು. ಈ ಪ್ರಾಮಾಣಿಕತೆಯನ್ನು ಹೊಗಳುವ ಬರಹಗಳು ಬಹಳ ಇವೆ. ಅವು ಸಾಮಾನ್ಯವಾಗಿ ಹೇಳದೆ ಬಿಡುವುದೂ ಒಂದಿದೆ. ಹಾಲ್ಪಿನ್ ಅವರನ್ನು ಒಮ್ಮೆ ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿತ್ತು, ಮಗುವನ್ನು ಅನಾಥಾಲಯಕ್ಕೆ ಕಳುಹಿಸಲಾಗಿತ್ತು, ಮತ್ತು ತಮ್ಮ ಮೇಲೆ ಬಲಾತ್ಕಾರ ನಡೆದಿತ್ತು ಅಂತ ಅವರು ಅದೇ ಚುನಾವಣೆಯ ಹೊತ್ತಿಗೆ ಪ್ರಮಾಣಪತ್ರದಲ್ಲಿ ಹೇಳಿದ್ದರು.

ಚುನಾವಣೆಯಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದರು. ಇಡೀ ದೇಶದಲ್ಲಿ ಸುಮಾರು ಒಂದು ಕೋಟಿ ಮತ ಬಿದ್ದಿದ್ದವು. ಇಬ್ಬರ ನಡುವಿನ ಅಂತರ ಶೇ 1ಕ್ಕಿಂತಲೂ ಕಡಿಮೆ. ಆದರೆ ನಿಜವಾದ ಪಂದ್ಯ ನಡೆದಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿ ಅವರು ಗೆದ್ದಿದ್ದು ಬರೀ ಸಾವಿರ ಚಿಲ್ಲರೆ ಮತಗಳಿಂದ. ಆ ಸಾವಿರ ಚಿಲ್ಲರೆ ಮತ ಆಚೆ ಈಚೆ ಆಗಿದ್ದರೆ ಬ್ಲೇನ್ ಅಧ್ಯಕ್ಷರಾಗುತ್ತಿದ್ದರು.

ಒಂದು ಕೋಟಿ ಮತಗಳ ಚುನಾವಣೆ ಒಂದು ರಾಜ್ಯದ ಸಾವಿರ ಮತಗಳ ಮೇಲೆ ನಿಲ್ಲುವುದು ಹೇಗೆ? ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಲೆಕ್ಕ ಅರ್ಥ ಮಾಡಿಕೊಳ್ಳೋಣ.

ಎಲೆಕ್ಟೋರಲ್ ಕಾಲೇಜ್ ಅಂದರೆ ಕಾಲೇಜಲ್ಲ

ಅಮೆರಿಕದ ಜನ ಅಧ್ಯಕ್ಷರಿಗೆ ನೇರವಾಗಿ ಮತ ಹಾಕುವುದಿಲ್ಲ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರು ಇರುತ್ತದೆ ನಿಜ. ಆದರೆ ಆ ಮತದಿಂದ ಆಯ್ಕೆಯಾಗುವವರು ಆ ಅಭ್ಯರ್ಥಿಯ ಪರವಾಗಿ ಮತ ಹಾಕಲು ಸಿದ್ಧರಿರುವ ಎಲೆಕ್ಟರ್‌ಗಳು. ಈ ಎಲೆಕ್ಟರ್‌ಗಳ ಒಟ್ಟು ಗುಂಪಿಗೆ ಎಲೆಕ್ಟೋರಲ್ ಕಾಲೇಜ್ ಅಂತ ಹೆಸರು. ಅಧ್ಯಕ್ಷರನ್ನು ಆರಿಸುವುದು ಇವರ ಮತ.

ಒಂದೊಂದು ರಾಜ್ಯಕ್ಕೆ ಎಷ್ಟು ಎಲೆಕ್ಟರ್‌ಗಳು? ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಆ ರಾಜ್ಯಕ್ಕೆ ಎಷ್ಟು ಸದಸ್ಯರಿದ್ದಾರೋ ಅಷ್ಟು, ಅದರ ಮೇಲೆ ಇಬ್ಬರು ಸೆನೆಟರ್‌ಗಳ ಲೆಕ್ಕದಲ್ಲಿ ಎರಡು. ಕೆಳಮನೆಯ ಸ್ಥಾನ ಜನಸಂಖ್ಯೆಯ ಮೇಲೆ ಹಂಚಿಕೆಯಾಗುತ್ತದೆ. ಸೆನೆಟರ್‌ಗಳು ಮಾತ್ರ ದೊಡ್ಡ ರಾಜ್ಯಕ್ಕೂ ಇಬ್ಬರೇ, ಸಣ್ಣ ರಾಜ್ಯಕ್ಕೂ ಇಬ್ಬರೇ. ಇವತ್ತು ಒಟ್ಟು 538 ಎಲೆಕ್ಟರ್‌ಗಳಿದ್ದಾರೆ, ಗೆಲ್ಲಲು 270 ಬೇಕು. ಕ್ಲೀವ್‌ಲ್ಯಾಂಡ್ ಕಾಲದಲ್ಲಿ 38 ರಾಜ್ಯಗಳಿದ್ದವು, ಒಟ್ಟು 401 ಎಲೆಕ್ಟರ್‌ಗಳಿದ್ದರು, ಗೆಲ್ಲಲು 201 ಬೇಕಿತ್ತು.

ಈ ಲೆಕ್ಕದಲ್ಲಿ ಜನರ ಒಟ್ಟು ಮತಕ್ಕೂ ಎಲೆಕ್ಟರ್‌ಗಳ ಸಂಖ್ಯೆಗೂ ಹೊಂದಿಕೆ ತಪ್ಪಲು ಮೂರು ಕಾರಣಗಳಿವೆ.

ಮೊದಲನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು, ರಾಜ್ಯದಲ್ಲಿ ಗೆದ್ದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಸಿಗುವ ಪದ್ಧತಿ. ಒಂದು ಮತದಿಂದ ಗೆದ್ದರೂ ಅಷ್ಟೇ, ಲಕ್ಷ ಮತದಿಂದ ಗೆದ್ದರೂ ಅಷ್ಟೇ. ಲಕ್ಷದಿಂದ ಗೆದ್ದ ಕಡೆ ಉಳಿದ 99,999 ಮತ ಫಲಿತಾಂಶಕ್ಕೆ ಏನೂ ಸೇರಿಸುವುದಿಲ್ಲ. ಇವತ್ತು ಮೇನ್ ಮತ್ತು ನೆಬ್ರಾಸ್ಕ ರಾಜ್ಯಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ ಇದೇ ಪದ್ಧತಿ.

ಎರಡನೆಯದು, ಸಣ್ಣ ರಾಜ್ಯಗಳಿಗೂ ಸಿಗುವ ಆ ಎರಡು ಹೆಚ್ಚುವರಿ ಎಲೆಕ್ಟರ್‌ಗಳು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಎಲೆಕ್ಟರ್‌ಗಳ ಹಂಚಿಕೆ ನಡೆಯುವುದು ರಾಜ್ಯದಲ್ಲಿ ಎಷ್ಟು ಜನ ವಾಸಿಸುತ್ತಾರೆ ಅನ್ನುವುದರ ಮೇಲೆ. ಎಷ್ಟು ಜನ ಮತ ಹಾಕಿದರು ಅಥವಾ ಎಷ್ಟು ಜನರಿಗೆ ಮತ ಹಾಕಲು ಬಿಟ್ಟರು ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಈ ಮೂರನೆಯ ಕಾರಣ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

1888: ಗೆದ್ದೂ ಸೋತ ವರ್ಷ

ಅಧ್ಯಕ್ಷರಾದ ಮೇಲೂ ಕ್ಲೀವ್‌ಲ್ಯಾಂಡ್ ಹಳೇ ಸ್ವಭಾವ ಬಿಡಲಿಲ್ಲ. ಮೊದಲ ಅವಧಿಯಲ್ಲಿ ಸಂಸತ್ತು ಕಳುಹಿಸಿದ 414 ಮಸೂದೆಗಳನ್ನು ವಾಪಸ್ ಕಳುಹಿಸಿದರು. ಬಹಳಷ್ಟು ಮಸೂದೆಗಳು ಯುದ್ಧದ ಹೆಸರಿನಲ್ಲಿ ಒಬ್ಬೊಬ್ಬರಿಗೆ ಪಿಂಚಣಿ ಕೊಡಿಸುವಂಥವು. ಒಂದೊಂದನ್ನೂ ತಾವೇ ರಾತ್ರಿ ಕೂತು ಓದುತ್ತಿದ್ದರು. 1887ರಲ್ಲಿ ಬರ ಬಿದ್ದ ಟೆಕ್ಸಾಸ್ ರೈತರಿಗೆ ಬಿತ್ತನೆ ಬೀಜ ಕೊಡಲು 10,000 ಡಾಲರ್ ಮಂಜೂರು ಮಾಡಿದ ಮಸೂದೆಯನ್ನೂ ತಡೆದರು. ಅಂಥ ನೆರವು ಕೊಡುವ ಅಧಿಕಾರ ಸಂವಿಧಾನದಲ್ಲಿ ಇಲ್ಲ ಅನ್ನುವುದು ಅವರ ವಾದ. ಇವತ್ತು ಓದಿದರೆ ಕಲ್ಲು ಮನಸ್ಸು ಅನ್ನಿಸಬಹುದು.

ಇದೇ ಅವಧಿಯಲ್ಲಿ, 1886ರ ಜೂನ್ 2ರಂದು, ತೀರಿಹೋದ ತಮ್ಮ ವಕೀಲ ಗೆಳೆಯನ ಮಗಳು ಫ್ರಾನ್ಸಿಸ್ ಫೋಲ್ಸಮ್ ಅವರನ್ನು ಶ್ವೇತಭವನದಲ್ಲೇ ಮದುವೆಯಾದರು. ವರನಿಗೆ 49, ವಧುವಿಗೆ 21.

1887ರ ಡಿಸೆಂಬರ್‌ನಲ್ಲಿ ಅವರು ದೊಡ್ಡ ಅಪಾಯಕ್ಕೆ ಕೈ ಹಾಕಿದರು. ಸಂಸತ್ತಿಗೆ ಕಳುಹಿಸುವ ವಾರ್ಷಿಕ ಸಂದೇಶವನ್ನು ಪೂರ್ತಿ ಒಂದೇ ವಿಷಯಕ್ಕೆ ಮೀಸಲಿಟ್ಟರು. ವಿದೇಶಿ ಸರಕಿನ ಮೇಲಿನ ಆಮದು ಸುಂಕ ಇಳಿಸಬೇಕು, ಖಜಾನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹಣ ಕೂಡಿಬಿದ್ದಿದೆ, ಅದು ಜನರ ಜೇಬಿನಿಂದ ಬಂದಿದ್ದು ಅನ್ನುವುದು ಅದರ ತಿರುಳು. ಚುನಾವಣೆಗೆ ಒಂದು ವರ್ಷವೂ ಇಲ್ಲ, ಈಗ ಬೇಡ ಅಂತ ಆಪ್ತರು ಎಚ್ಚರಿಸಿದರೂ ಕೇಳಲಿಲ್ಲ. ಹತ್ತಿ ಬೆಳೆದು ಹೊರದೇಶಕ್ಕೆ ಮಾರುತ್ತಿದ್ದ ದಕ್ಷಿಣದ ರಾಜ್ಯಗಳಿಗೆ ಈ ಮಾತು ಹಿಡಿಸಿತು. ಉತ್ತರದ ಕಾರ್ಖಾನೆ ರಾಜ್ಯಗಳಲ್ಲಿ ಮಾಲೀಕರಿಗೂ ಅನೇಕ ಕಾರ್ಮಿಕರಿಗೂ ಹೆದರಿಕೆ ಹುಟ್ಟಿತು. ರಿಪಬ್ಲಿಕನ್ ಪಕ್ಷ ಇಂಡಿಯಾನ ರಾಜ್ಯದ ಬೆಂಜಮಿನ್ ಹ್ಯಾರಿಸನ್ ಅವರನ್ನು ನಿಲ್ಲಿಸಿ, ಸುಂಕ ಉಳಿಸುವ ವಿಷಯವನ್ನೇ ಮುಂದೆ ಮಾಡಿತು.

ಫಲಿತಾಂಶ ಹೀಗಿತ್ತು:

ಜನರ ಒಟ್ಟು ಮತ: ಕ್ಲೀವ್‌ಲ್ಯಾಂಡ್ ಸುಮಾರು 55.3 ಲಕ್ಷ (ಶೇ 48.6), ಹ್ಯಾರಿಸನ್ ಸುಮಾರು 54.4 ಲಕ್ಷ (ಶೇ 47.8).

ಎಲೆಕ್ಟರ್‌ಗಳು: ಕ್ಲೀವ್‌ಲ್ಯಾಂಡ್ 168, ಹ್ಯಾರಿಸನ್ 233.

ಕ್ಲೀವ್‌ಲ್ಯಾಂಡ್ ಅವರಿಗೆ ಸುಮಾರು 90,000 ಮತ ಹೆಚ್ಚು ಬಂದಿತ್ತು, ಆದರೆ ಸೋತರು. ಈ 90,000 ಎಲ್ಲಿ ಕೂತಿತ್ತು ನೋಡಿ. ಟೆಕ್ಸಾಸ್ ರಾಜ್ಯವೊಂದರಲ್ಲೇ ಅವರು ಸುಮಾರು 1.46 ಲಕ್ಷ ಮತಗಳ ಅಂತರದಿಂದ ಗೆದ್ದಿದ್ದರು. ಸಿಕ್ಕಿದ್ದು 13 ಎಲೆಕ್ಟರ್. ನ್ಯೂಯಾರ್ಕ್‌ನಲ್ಲಿ ಹ್ಯಾರಿಸನ್ ಗೆದ್ದಿದ್ದು ಸುಮಾರು 14,000 ಮತಗಳಿಂದ. ಸಿಕ್ಕಿದ್ದು 36 ಎಲೆಕ್ಟರ್. ಒಬ್ಬರ ಮತಗಳು ಒಂದೇ ಕಡೆ ರಾಶಿ ಬಿದ್ದಿದ್ದವು, ಇನ್ನೊಬ್ಬರ ಮತಗಳು ಬೇಕಾದ ಕಡೆ ಬೇಕಾದಷ್ಟು ಹರಡಿಕೊಂಡಿದ್ದವು.

ನ್ಯೂಯಾರ್ಕ್‌ನ ಸುಮಾರು 13 ಲಕ್ಷ ಮತದಾರರಲ್ಲಿ ಬರೀ 7,200 ಜನ ಮನಸ್ಸು ಬದಲಿಸಿದ್ದರೆ ಆ 36 ಈ ಕಡೆ ಬಂದು, ಲೆಕ್ಕ 204–197 ಆಗಿ, ಕ್ಲೀವ್‌ಲ್ಯಾಂಡ್ ಗೆದ್ದುಬಿಡುತ್ತಿದ್ದರು. ತಮ್ಮದೇ ರಾಜ್ಯದಲ್ಲಿ ಸೋತು ಅಧ್ಯಕ್ಷಗಿರಿ ಕಳೆದುಕೊಂಡರು. ಅದೇ ದಿನ, ಅದೇ ರಾಜ್ಯದಲ್ಲಿ, ಅವರದೇ ಪಕ್ಷದ ಡೇವಿಡ್ ಹಿಲ್ ಗವರ್ನರ್ ಆಗಿ ಗೆದ್ದರು ಅನ್ನುವುದು ಇನ್ನೊಂದು ವಿಚಿತ್ರ.

ಹಾಗಾದರೆ ಮೋಸ ನಡೆದಿರಲಿಲ್ಲವೇ?

ನಡೆದಿತ್ತು. ಆದರೆ ಸೋಲಿಗೆ ಅದೇ ಕಾರಣವೇ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ಆಗ ಗುಪ್ತ ಮತದಾನ ಇರಲಿಲ್ಲ. ಪಕ್ಷಗಳೇ ತಮ್ಮ ತಮ್ಮ ಚೀಟಿ ಅಚ್ಚು ಹಾಕಿ ಹಂಚುತ್ತಿದ್ದವು. ಯಾರು ಯಾವ ಚೀಟಿ ಹಾಕಿದರು ಅಂತ ನಿಂತು ನೋಡಬಹುದಿತ್ತು. ದುಡ್ಡು ಕೊಟ್ಟವರಿಗೆ ದುಡ್ಡಿನ ಕೆಲಸ ಆಯಿತೇ ಅಂತ ಖಾತ್ರಿಯೂ ಆಗುತ್ತಿತ್ತು. 1888ರ ಅಕ್ಟೋಬರ್ ಕೊನೆಗೆ ಇಂಡಿಯಾನದ ಪತ್ರಿಕೆಯೊಂದು ರಿಪಬ್ಲಿಕನ್ ಪಕ್ಷದ ಖಜಾಂಚಿ ವಿಲಿಯಂ ಡಡ್ಲಿ ಅವರದ್ದೆನ್ನಲಾದ ಪತ್ರ ಪ್ರಕಟಿಸಿತು. ಮಾರಾಟಕ್ಕಿರುವ ಮತದಾರರನ್ನು ಐದೈದು ಜನರ ಗುಂಪು ಮಾಡಿ, ಗುಂಪಿಗೊಬ್ಬ ನಂಬಿಕಸ್ಥನನ್ನು ಇಟ್ಟು, ಮತಗಟ್ಟೆಗೆ ಕರೆತರಬೇಕು ಅನ್ನುವ ಸೂಚನೆ ಅದರಲ್ಲಿತ್ತು.

ಈಗ ಲೆಕ್ಕ ಮಾಡೋಣ. ಇಂಡಿಯಾನದಲ್ಲಿ ಹ್ಯಾರಿಸನ್ ಗೆದ್ದಿದ್ದು ಸುಮಾರು 2,400 ಮತಗಳಿಂದ. ಅಷ್ಟೂ ಮತ ಕೊಂಡಿದ್ದೇ ಅಂತ ಇಟ್ಟುಕೊಳ್ಳಿ. ಇಂಡಿಯಾನದ 15 ಎಲೆಕ್ಟರ್‌ಗಳನ್ನು ಕ್ಲೀವ್‌ಲ್ಯಾಂಡ್ ಕಡೆ ಹಾಕಿದರೂ ಹ್ಯಾರಿಸನ್ 218, ಕ್ಲೀವ್‌ಲ್ಯಾಂಡ್ 183. ಫಲಿತಾಂಶ ಬದಲಾಗುವುದಿಲ್ಲ. ಇಂಡಿಯಾನದಲ್ಲಿ ಮತ ಕೊಂಡು ಅಧ್ಯಕ್ಷಗಿರಿ ಕದ್ದರು ಅನ್ನುವ ಮಾತು ಈ ಒಂದು ಕೂಡು-ಕಳೆಯುವ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಇನ್ನೊಂದು ಘಟನೆ ನಮ್ಮ ಕಾಲದ ಫಾರ್ವರ್ಡಿನ ಅಜ್ಜನಂತಿದೆ. ಕ್ಯಾಲಿಫೋರ್ನಿಯಾದ ಒಬ್ಬ ರಿಪಬ್ಲಿಕನ್ ಬೆಂಬಲಿಗ ಮರ್ಚಿಸನ್ ಎಂಬ ಸುಳ್ಳು ಹೆಸರಿನಲ್ಲಿ, ತಾನು ಇಂಗ್ಲೆಂಡಿನಿಂದ ಬಂದವನೆಂದು ಹೇಳಿಕೊಂಡು, ಯಾರಿಗೆ ಮತ ಹಾಕಲಿ ಅಂತ ಬ್ರಿಟಿಷ್ ರಾಯಭಾರಿಗೆ ಪತ್ರ ಬರೆದ. ರಾಯಭಾರಿ ಬಲೆಗೆ ಬಿದ್ದು, ಕ್ಲೀವ್‌ಲ್ಯಾಂಡ್ ಬ್ರಿಟನ್ನಿಗೆ ಅನುಕೂಲ ಅನ್ನುವ ಅರ್ಥದ ಉತ್ತರ ಕೊಟ್ಟರು. ಮತದಾನಕ್ಕೆ ಎರಡು ವಾರ ಇರುವಾಗ ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ಬ್ರಿಟನ್ ಅಂದರೆ ಉರಿದುಬೀಳುತ್ತಿದ್ದ ಐರಿಷ್ ಮೂಲದ ಮತದಾರರು ನ್ಯೂಯಾರ್ಕ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಕ್ಲೀವ್‌ಲ್ಯಾಂಡ್ ರಾಯಭಾರಿಯನ್ನು ದೇಶದಿಂದ ಕಳುಹಿಸಿಬಿಟ್ಟರು. ಆ ಹೊತ್ತಿಗೆ ಪತ್ರ ಎಲ್ಲರ ಕೈಗೂ ಹೋಗಿ ಆಗಿತ್ತು. ಹೆಸರು ಸುಳ್ಳು, ಉದ್ದೇಶ ಕೆಟ್ಟದ್ದು, ಉತ್ತರ ಮಾತ್ರ ಅಸಲಿ. ಅರ್ಧ ನಿಜದ ಸಂದೇಶಗಳು ಇವತ್ತೂ ಹೀಗೇ ಕೆಲಸ ಮಾಡುತ್ತವೆ.

90,000ದ ಮುನ್ನಡೆಯೂ ಶುದ್ಧವಾಗಿರಲಿಲ್ಲ

ಇಲ್ಲಿಯವರೆಗೆ ಓದಿದವರಿಗೆ ಕ್ಲೀವ್‌ಲ್ಯಾಂಡ್ ಅವರಿಗೆ ಅನ್ಯಾಯವಾಯಿತು, ಜನರ ನಿಜವಾದ ಆಯ್ಕೆ ಅವರೇ ಅಂತ ಅನ್ನಿಸಿರಬಹುದು. ಹಿಂದೆ ಹೇಳಿದ ಮೂರನೆಯ ಕಾರಣವನ್ನು ಈಗ ನೆನಪಿಸಿಕೊಳ್ಳಿ.

ಕಪ್ಪು ಜನರ ಮತದ ಹಕ್ಕನ್ನು ಬಣ್ಣದ ಕಾರಣಕ್ಕೆ ಕಿತ್ತುಕೊಳ್ಳುವಂತಿಲ್ಲ ಅನ್ನುವ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಬಂದಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬೆದರಿಕೆ, ಹಿಂಸೆ ಮತ್ತು ನಾನಾ ತಂತ್ರಗಳಿಂದ ಅವರನ್ನು ಮತಗಟ್ಟೆಯಿಂದ ದೂರ ಇಡಲಾಗುತ್ತಿತ್ತು. ಮತ ಹಾಕಲು ಬಿಟ್ಟಿದ್ದರೆ ಅವರಲ್ಲಿ ಹೆಚ್ಚಿನವರು ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ ಅವರ ಪಕ್ಷಕ್ಕೆ, ಅಂದರೆ ಹ್ಯಾರಿಸನ್ ಅವರ ಪಕ್ಷಕ್ಕೆ, ಹಾಕುತ್ತಿದ್ದರು.

ದಕ್ಷಿಣ ಕ್ಯಾರೊಲಿನಾದ ಲೆಕ್ಕ ನೋಡಿ. ಅಲ್ಲಿ ಆಗ ಕಪ್ಪು ಜನರೇ ಬಹುಸಂಖ್ಯಾತರು. ಎಲೆಕ್ಟರ್‌ಗಳನ್ನು ಕೊಡುವಾಗ ಅವರ ತಲೆಯನ್ನೂ ಎಣಿಸಿ 9 ಕೊಟ್ಟಿದ್ದರು. 1888ರಲ್ಲಿ ಇಡೀ ರಾಜ್ಯದಲ್ಲಿ ಬಿದ್ದಿದ್ದು ಸುಮಾರು 80,000 ಮತ. ಅದರಲ್ಲಿ ಕ್ಲೀವ್‌ಲ್ಯಾಂಡ್ ಅವರಿಗೆ ಸುಮಾರು 66,000. ಅಂದರೆ ಅಲ್ಲಿ 9,000 ಮತಕ್ಕೆ ಒಂದು ಎಲೆಕ್ಟರ್. ಇಂಡಿಯಾನದಲ್ಲಿ ಸುಮಾರು 36,000 ಮತಕ್ಕೆ ಒಂದು. ಮತ ಹಾಕಲು ಬಿಡದ ಜನರ ಹೆಸರಿನಲ್ಲಿ ಸಿಕ್ಕ ಎಲೆಕ್ಟರ್‌ಗಳು ಅವರನ್ನು ತಡೆದವರ ಅಭ್ಯರ್ಥಿಗೇ ಹೋದವು.

ಹಾಗಾಗಿ 90,000 ಅನ್ನುವ ಅಂಕಿಯನ್ನು ಇಡೀ ಅಮೆರಿಕದ ಜನರ ಮನಸ್ಸು ಅಂತ ಹೇಳಲು ಬರುವುದಿಲ್ಲ. ಹೆಂಗಸರಿಗಂತೂ ಬಹುಪಾಲು ಕಡೆ ಮತದ ಹಕ್ಕೇ ಇರಲಿಲ್ಲ. ಎಲೆಕ್ಟೋರಲ್ ಕಾಲೇಜ್ ತಪ್ಪು ಲೆಕ್ಕ ಕೊಟ್ಟಿತು, ಜನರ ಮತ ಸರಿ ಲೆಕ್ಕ ಕೊಟ್ಟಿತು ಅನ್ನುವಷ್ಟು ಸರಳವಾಗಿ 1888 ಮುಗಿಯುವುದಿಲ್ಲ. ಎಣಿಕೆಯ ವಿಧಾನದಷ್ಟೇ, ಯಾರಿಗೆ ಮತ ಹಾಕಲು ಬಿಟ್ಟರು ಅನ್ನುವುದೂ ಮುಖ್ಯ.

ಕೊಡೆ ಹಿಡಿದು ಕುರ್ಚಿ ಬಿಟ್ಟರು

ಹೆಚ್ಚು ಮತ ಪಡೆದು ಸೋತ ಕ್ಲೀವ್‌ಲ್ಯಾಂಡ್ ಆಮೇಲೆ ಏನು ಮಾಡಿದರು? ನಿಯಮ ಮೊದಲೇ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಅದೇ ನ್ಯೂಯಾರ್ಕ್ ಸಾವಿರ ಚಿಲ್ಲರೆ ಮತದಿಂದ ಅವರನ್ನೇ ಗೆಲ್ಲಿಸಿತ್ತು. ಫಲಿತಾಂಶ ಒಪ್ಪಿಕೊಂಡರು. 1889ರ ಮಾರ್ಚ್ 4ರಂದು ಹ್ಯಾರಿಸನ್ ಪ್ರಮಾಣ ವಚನ ಸ್ವೀಕರಿಸುವಾಗ ಜೋರು ಮಳೆ. ಪಕ್ಕದಲ್ಲಿ ನಿಂತು ಅವರ ತಲೆಯ ಮೇಲೆ ಕೊಡೆ ಹಿಡಿದವರು ಕ್ಲೀವ್‌ಲ್ಯಾಂಡ್.

ನ್ಯೂಯಾರ್ಕ್‌ಗೆ ಹೋಗಿ ಮತ್ತೆ ವಕೀಲಿಕೆ ಹಿಡಿದರು. 1892ರಲ್ಲಿ ಅದೇ ಹ್ಯಾರಿಸನ್ ಎದುರು ಮತ್ತೆ ನಿಂತರು. ಮತದಾನಕ್ಕೆ ಎರಡು ವಾರ ಇರುವಾಗ ಹ್ಯಾರಿಸನ್ ಅವರ ಪತ್ನಿ ತೀರಿಕೊಂಡರು. ಅವರ ಕಾಯಿಲೆಯ ಕಾರಣಕ್ಕೆ ಹ್ಯಾರಿಸನ್ ಪ್ರಚಾರಕ್ಕೆ ಹೋಗಿರಲಿಲ್ಲ, ಕ್ಲೀವ್‌ಲ್ಯಾಂಡ್ ಕೂಡ ಹೆಚ್ಚಾಗಿ ದೂರವೇ ಉಳಿದರು. ಈ ಸಲ ನ್ಯೂಯಾರ್ಕ್ ಮತ್ತು ಇಂಡಿಯಾನ ಎರಡೂ ಕ್ಲೀವ್‌ಲ್ಯಾಂಡ್ ಕೈಗೆ ಬಂದವು. ಎಲೆಕ್ಟರ್ ಲೆಕ್ಕ 277–145, ಮೂರನೇ ಪಕ್ಷಕ್ಕೆ 22. ಜನರ ಮತದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚಿನ ಅಂತರ. 1888ರ ಹಗರಣಗಳಿಂದ ಪಾಠ ಕಲಿತ ಬಹುತೇಕ ರಾಜ್ಯಗಳು ಅಷ್ಟರಲ್ಲಿ ಸರ್ಕಾರವೇ ಅಚ್ಚು ಹಾಕಿದ ಮತಪತ್ರ ಮತ್ತು ಗುಪ್ತ ಮತದಾನ ತಂದಿದ್ದವು.

ನಿಜವಾಗಿ ಮುಚ್ಚಿಟ್ಟಿದ್ದು ಬೇರೆಯೇ ಇತ್ತು

ಎರಡನೇ ಅವಧಿ ಸುಖದ್ದಾಗಿರಲಿಲ್ಲ. 1893ರಲ್ಲಿ ಬ್ಯಾಂಕುಗಳು, ರೈಲ್ವೆ ಕಂಪನಿಗಳು ಸಾಲಾಗಿ ಮುಳುಗಿ ಭಾರಿ ಆರ್ಥಿಕ ಕುಸಿತ ಉಂಟಾಯಿತು. ಅದೇ ಹೊತ್ತಿಗೆ ಅಧ್ಯಕ್ಷರ ಬಾಯಿಯ ಮೇಲ್ಭಾಗದಲ್ಲಿ ಒಂದು ಗಡ್ಡೆ ಕಾಣಿಸಿತು. ಅವರು ಸಿಗಾರ್ ಸೇದುವ ಅಭ್ಯಾಸದವರು. ವೈದ್ಯರು ಕ್ಯಾನ್ಸರ್ ಅಂದರು. ಸುದ್ದಿ ಹೊರಬಿದ್ದರೆ ಮಾರುಕಟ್ಟೆ ಇನ್ನೂ ಕುಸಿಯುತ್ತದೆ ಅನ್ನುವ ಭಯ.

1893ರ ಜುಲೈ 1ರಂದು ಒನೈಡಾ ಎಂಬ ಗೆಳೆಯರ ಹಡಗಿನಲ್ಲಿ, ನೀರಿನ ಮೇಲೆ, ಗುಟ್ಟಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮೇಲ್ದವಡೆಯ ಎಡಭಾಗವನ್ನು ಬಾಯಿಯ ಒಳಗಿನಿಂದಲೇ ತೆಗೆದರು, ಹೊರಗೆ ಗಾಯದ ಗುರುತು ಇರಲಿಲ್ಲ. ಖಾಲಿಯಾದ ಜಾಗಕ್ಕೆ ರಬ್ಬರಿನ ಕೃತಕ ದವಡೆ ಕೂರಿಸಿದರು. ಜನರಿಗೆ ಹೇಳಿದ್ದು ಹಲ್ಲಿನ ತೊಂದರೆ, ಕೀಲುನೋವು ಅಂತ. ಆಗಸ್ಟ್ ಕೊನೆಗೆ ಇ. ಜೆ. ಎಡ್ವರ್ಡ್ಸ್ ಎಂಬ ಪತ್ರಕರ್ತ ಎಲ್ಲವನ್ನೂ ಸರಿಯಾಗಿ ಪತ್ತೆಹಚ್ಚಿ ಬರೆದರು. ಅಧ್ಯಕ್ಷರ ಕಡೆಯವರು ಸುಳ್ಳು ಅಂದರು, ಬೇರೆ ಪತ್ರಿಕೆಗಳು ಎಡ್ವರ್ಡ್ಸ್ ಅವರನ್ನು ಹಳಿದವು. ಶಸ್ತ್ರಚಿಕಿತ್ಸೆ ತಂಡದಲ್ಲಿದ್ದ ಡಾ. ವಿಲಿಯಂ ಕೀನ್ 1917ರಲ್ಲಿ ನಿಜ ಬರೆಯುವವರೆಗೂ, ಅಂದರೆ 24 ವರ್ಷ, ಆ ಪತ್ರಕರ್ತರ ಮೇಲಿನ ಕಳಂಕ ಹೋಗಲಿಲ್ಲ. ಆ ಗಡ್ಡೆ ಇವತ್ತೂ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಅದನ್ನು ಪರೀಕ್ಷಿಸಿದವರು ನಿಧಾನವಾಗಿ ಬೆಳೆಯುವ ಬಗೆಯ ಕ್ಯಾನ್ಸರ್ ಎಂದು ಗುರುತಿಸಿದರು.

ಒಬ್ಬರದೇ ಬದುಕಿನ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1888ರ ಸೋಲು ಕೇಳಿದ ಕೂಡಲೇ ಅನುಮಾನ ಹುಟ್ಟಿಸುತ್ತದೆ, ಆದರೆ ಅದರ ಪ್ರತಿ ಅಂಕಿಯೂ ಎಲ್ಲರ ಕಣ್ಣೆದುರಿಗಿತ್ತು. 1893ರ ಹಲ್ಲುನೋವು ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಅದು ಪೂರ್ತಿ ಸುಳ್ಳು. ಕೇಳಲು ವಿಚಿತ್ರವಾಗಿದೆ ಅನ್ನುವ ಕಾರಣಕ್ಕೆ ಸುಳ್ಳು ಅಂತಲೂ, ಸಹಜವಾಗಿದೆ ಅನ್ನುವ ಕಾರಣಕ್ಕೆ ನಿಜ ಅಂತಲೂ ತೀರ್ಮಾನಿಸಲು ಆಗುವುದಿಲ್ಲ.

1894ರ ರೈಲ್ವೆ ಮುಷ್ಕರವನ್ನು ಮುರಿಯಲು ಶಿಕಾಗೋಗೆ ಸೇನೆ ಕಳುಹಿಸಿದ ಮೇಲೆ ಕಾರ್ಮಿಕರು ಕ್ಲೀವ್‌ಲ್ಯಾಂಡ್ ಅವರಿಂದ ದೂರವಾದರು. 1896ರಲ್ಲಿ ಸ್ವಂತ ಪಕ್ಷವೇ ಅವರ ದಾರಿ ಬಿಟ್ಟಿತು. ನಿವೃತ್ತರಾಗಿ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದರು. ಹಿರಿಯ ಮಗಳು ರೂತ್ 1904ರಲ್ಲಿ ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಗೆ, 12ನೇ ವಯಸ್ಸಿನಲ್ಲಿ ಬಲಿಯಾದಳು. 1908ರ ಜೂನ್ 24ರಂದು, 71ನೇ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡ್ ತೀರಿಕೊಂಡರು.

ನಮ್ಮಲ್ಲೂ ಹೀಗೆ ಆಗುತ್ತದೆಯೇ?

ಆಗುತ್ತದೆ. ನಮ್ಮಲ್ಲಿ ಎಲೆಕ್ಟರ್‌ಗಳ ಬದಲು ಕ್ಷೇತ್ರಗಳಿವೆ, ಲೆಕ್ಕದ ಗುಣ ಅದೇ. 2008ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 34.8 ಮತ, 80 ಸ್ಥಾನ. ಬಿಜೆಪಿಗೆ ಸುಮಾರು ಶೇ 33.9 ಮತ, 110 ಸ್ಥಾನ. 2018ರ ಮೇ ತಿಂಗಳಲ್ಲೂ ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, 78 ಸ್ಥಾನ. ಬಿಜೆಪಿಗೆ ಸುಮಾರು ಶೇ 36 ಮತ, 104 ಸ್ಥಾನ. ಕ್ಷೇತ್ರದಲ್ಲಿ ಮೊದಲು ಬಂದವರು ಗೆಲ್ಲುವ ಪದ್ಧತಿಯಲ್ಲಿ ಇದು ಯಾವ ಪಕ್ಷಕ್ಕೆ ಬೇಕಾದರೂ ಆಗಬಹುದು.

ಈ ಪದ್ಧತಿ ಸರಿಯೇ, ಬದಲಾಗಬೇಕೇ ಅನ್ನುವುದು ನ್ಯಾಯವಾದ ಚರ್ಚೆ. ಅಮೆರಿಕದಲ್ಲೂ ಅದು ಬಹುಕಾಲದಿಂದ ನಡೆಯುತ್ತಿದೆ. ಆದರೆ ಪದ್ಧತಿ ಇಷ್ಟವಿಲ್ಲ ಅನ್ನುವುದೇ ಬೇರೆ, ಮೋಸ ನಡೆಯಿತು ಅನ್ನುವುದೇ ಬೇರೆ.

ಮುಂದಿನ ಸಲ ಹೆಚ್ಚು ಮತ ಬಂದೂ ಸೋತರು ಅನ್ನುವ ಸಂದೇಶ ಬಂದಾಗ ಮೂರು ವಿಷಯ ನೋಡಿ. ಒಂದು, ಆ ಚುನಾವಣೆಯಲ್ಲಿ ಗೆಲುವು ನಿರ್ಧಾರವಾಗುವುದು ಒಟ್ಟು ಮತದಿಂದಲೋ, ರಾಜ್ಯ ಅಥವಾ ಕ್ಷೇತ್ರದಿಂದಲೋ? ಎರಡು, ಆ ಹೆಚ್ಚುವರಿ ಮತಗಳು ಎಲ್ಲಿ ಬಿದ್ದಿವೆ? ಮೂರು, ಮೋಸದ ಆರೋಪ ಇದ್ದರೆ, ಆ ಜಾಗದ ಫಲಿತಾಂಶ ತಿರುಗಿಸಿದರೂ ಒಟ್ಟು ಗೆಲುವು ಬದಲಾಗುತ್ತದೆಯೇ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಫಾರ್ವರ್ಡ್ ಮಾಡಬೇಕೋ ಬೇಡವೋ ಅಂತ ನೀವೇ ತೀರ್ಮಾನಿಸಿ.